ಕೊಂಬು ಮೂಡಿದವಳು

೧೨ ಆಗಸ್ಟ್ ೨೦೨೪, ಸೋಮವಾರ

ಕೊಟ್ರಮ್ಮ ಇವತ್ತು ನನ್ನ ಕಾಲಿಗೆ ಬಿದ್ದಳು.

ಎದುರು ಮನೆಯ ಕೊಟ್ರಮ್ಮ. ಹೋದ ಬೇಸಿಗೆಯಲ್ಲಿ ನಲ್ಲಿಯ ಮುಂದೆ ಕೊಡ ಇಡುವ ಜಗಳದಲ್ಲಿ "ನಿನಗೇನು ಕೊಂಬು ಮೂಡ್ಯಾವೇನು?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದವಳು. ಅವ್ವ ಮತ್ತು ನಾನು ಉರುಕುಂದ ಈರಣ್ಣನ ದರ್ಶನ ಮುಗಿಸಿ ಬಸ್ಸಿಳಿದು ಬೀದಿಗೆ ಕಾಲಿಟ್ಟಿದ್ದೇ ತಡ, ಸೆರಗು ಹೊದ್ದು ಬಂದು ದಬಕ್ಕನೆ ಬಿದ್ದಳು. "ತಾಯಿ, ನನ್ನ ಮಗಳಿಗಿ ಒಂದು ಸಂಬಂಧ ಕೂಡಿ ಬರ್ಲವ್ವ" ಎಂದಳು. ಎಬ್ಬಿಸಲು ಬಾಗಿದರೆ ನನ್ನ ಕೈಯನ್ನೇ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

ಒಳಗೆ ಬಂದ ಮೇಲೆ ತಿಳಿಯಿತು. ನಾನು ಮೌನವ್ರತ ಹಿಡಿದಿದ್ದೇನೆಂದು ಅವ್ವ ಬೀದಿಗೆಲ್ಲ ಹೇಳಿದ್ದಾಳೆ. ಈರಣ್ಣನಿಗೆ ಹರಕೆಯಂತೆ!

ಹರಕೆಯಲ್ಲ. ಜುಲೈಯಲ್ಲಿ ಕುತ್ತಿಗೆಯ ಥೈರಾಯ್ಡ್ ಗಡ್ಡೆ ತೆಗೆದರು. ಗಡ್ಡೆ ಧ್ವನಿಯ ನರಕ್ಕೆ ಅಂಟಿಕೊಂಡಿತ್ತು. ಯಾರ ತಪ್ಪೂ ಅಲ್ಲ. ತಪ್ಪಿದ್ದರೆ ಬೈಯಬಹುದಿತ್ತು, ಬೈಯಲಿಕ್ಕಾದರೂ ಧ್ವನಿ ಎಲ್ಲಿದೆ? ಬಾಯಿ ತೆರೆದರೆ ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಸದ್ದು. ಮರಳಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು "ಅ" ಎಂದು ನೋಡುತ್ತೇನೆ. ಇವತ್ತೂ ಬರಲಿಲ್ಲ.

೧೩ ಆಗಸ್ಟ್, ಮಂಗಳವಾರ

ಅವ್ವನ ಜೊತೆ ಜಗಳ. ನಾನು ಸ್ಲೇಟಿನ ಮೇಲೆ, ಅವಳು ಬಾಯಲ್ಲಿ. ಇಂಥ ಅನ್ಯಾಯದ ಜಗಳ ಇನ್ನೊಂದಿಲ್ಲ. ನಾನು ಒಂದು ಸಾಲು ಬರೆಯುವಷ್ಟರಲ್ಲಿ ಅವಳು ನನ್ನ ಇಡೀ ಜಾತಕ ಓದಿ ಮುಗಿಸುತ್ತಾಳೆ.

"ಸುಳ್ಳು ಯಾಕೆ ಹೇಳಿದೆ?" ಎಂದು ಬರೆದೆ.

"ಆಪರೇಷನ್ ಆಗಿ ಬಾಯಿ ಹೋತು ಅಂದ್ರ ಮಂದಿ ಅಯ್ಯೋ ಅಂತಾರ. ಹರಕಿ ಅಂದ್ರ ಕೈ ಮುಗೀತಾರ. ನಿನಗ ಯಾವುದು ಬೇಕು ಹೇಳು."

"ಎರಡೂ ಬೇಡ."

"ಮೂರನೇದು ಇಲ್ಲಿಲ್ಲವ್ವ, ಆದವಾನಿಯಾಗ."

ಸ್ಲೇಟು ಒರೆಸಿ ಎದ್ದೆ. ಇಪ್ಪತ್ತೆರಡು ವರ್ಷ ಈ ಆಂಧ್ರದ ಊರಿನ ಜೂನಿಯರ್ ಕಾಲೇಜಿನಲ್ಲಿ ತೆಲುಗು, ಇಂಗ್ಲಿಷ್ ಬೆರೆಸಿ ಪ್ರಾಣಿಶಾಸ್ತ್ರ ಕಲಿಸಿದವಳು ನಾನು. ಸಿಟ್ಟು ಮಾತ್ರ ಇವತ್ತಿಗೂ ನಾನು ಹುಟ್ಟಿ ಬೆಳೆದ ಹಾಲಹರವಿಯ ಕನ್ನಡದಲ್ಲೇ ಬರುತ್ತದೆ. ಅದಕ್ಕೇ ಇದನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ.

೧೬ ಆಗಸ್ಟ್, ಶುಕ್ರವಾರ

ಕಾಲೇಜಿಗೆ ಹೋದೆ. ಕಾಲೇಜು ನಡೆಸುವ ಕರೆಸ್ಪಾಂಡೆಂಟ್ ಚಂದ್ರಣ್ಣನವರು ಕುರ್ಚಿಯಿಂದ ಎದ್ದು ನಿಂತು ಕೈ ಮುಗಿದರು. ಹತ್ತಿ ವ್ಯಾಪಾರದಲ್ಲಿ ಪಳಗಿದ ಮನುಷ್ಯ, ಸುಮ್ಮನೆ ಯಾರಿಗೂ ಎದ್ದು ನಿಲ್ಲುವವರಲ್ಲ. ಸುದ್ದಿ ಅಲ್ಲಿಗೂ ತಲುಪಿದೆ.

"ಬರ್ರಿ ಮೇಡಂ, ಕುಂದುರ್ರಿ. ಮಾತು ಬೆಳ್ಳಿ, ಮೌನ ಬಂಗಾರ. ಹರಕಿ ಮುಗದ ಮ್ಯಾಲ ಬರ್ರಿ, ನಿಮ್ಮ ಕ್ಲಾಸು ಎಲ್ಲಿಗೂ ಹೋಗಂಗಿಲ್ಲ. ಅಲ್ಲೀತಂಕ ಹೊಸಾ ಹುಡುಗಿ ನೋಡ್ಕೊಂತಾಳ."

"ಇದು ಹರಕೆಯಲ್ಲ" ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು ತೋರಿಸಿದೆ.

ಅವರು ನಕ್ಕರು. "ವ್ರತ ಹಿಡಿದೋರು ತಾವೇ ಹೇಳ್ಕೋಬಾರ್ದು. ಗೊತ್ತೈತಿ ಬಿಡ್ರಿ ನನಗ."

ಅಲ್ಲಿಗೆ ಮುಗಿಯಿತು. ಹೌದೆಂದರೆ ಹರಕೆ, ಅಲ್ಲವೆಂದರೆ ಇನ್ನೂ ದೊಡ್ಡ ಹರಕೆ. ಬಂಗಾರವನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ ಚಂದ್ರಣ್ಣನವರೇ, ನನಗೆ ಬೆಳ್ಳಿಯೇ ಸಾಕಿತ್ತು. ಇದು ದಾರಿಯಲ್ಲಿ ಆಟೋದಲ್ಲಿ ಹೊಳೆಯಿತು. ಒಳ್ಳೆಯ ಮಾತು ಯಾವಾಗಲೂ ಆಟೋದಲ್ಲೇ ಹೊಳೆಯುವುದು.

೧೭ ಆಗಸ್ಟ್, ಶನಿವಾರ

"ಅ" ಬರಲಿಲ್ಲ.

೨೨ ಆಗಸ್ಟ್, ಗುರುವಾರ

ಮುಂಬಾಗಿಲಲ್ಲಿ ಭಕ್ತರು, ಹಿಂಬಾಗಿಲಲ್ಲಿ ನಾನು. ಕಾಯಿ, ಬಾಳೆಹಣ್ಣು ಹಿಡಿದು ಬಂದವರನ್ನು ಅವ್ವ ಜಗಲಿಯಲ್ಲಿ ಕೂಡಿಸಿಕೊಳ್ಳುತ್ತಾಳೆ. ಬಂದವರೆಲ್ಲ ನನ್ನೊಡನೆ ಕೂಗಿ ಕೂಗಿ ಮಾತಾಡುತ್ತಾರೆ. ಹೋಗಿರುವುದು ನನ್ನ ಧ್ವನಿ, ಕಿವಿಯಲ್ಲ ಎಂದು ಯಾರಿಗೆ ಹೇಳಲಿ, ಹೇಗೆ ಹೇಳಲಿ?

ತಪ್ಪಿಸಿಕೊಂಡು ಹಿತ್ತಲಿಗೆ ಹೋದೆ. ಗೋಡೆಯಾಚೆಯ ಬಳ್ಳಾರಿ ಜಾಲಿಯ ಒಂದು ಕೊಂಬೆ ನಮ್ಮ ಕಡೆ ಬಾಗಿದೆ. ಅದರ ಮೇಲೆ ಇರುವೆಗಳ ಸಾಲು ಮೇಲಕ್ಕೂ ಕೆಳಕ್ಕೂ ಹರಿದಾಡುತ್ತಿತ್ತು. ಇರುವೆ ಇದ್ದಲ್ಲಿ ಬೆಲ್ಲ ಇರಬೇಕು ಎಂದು ಕನ್ನಡಕ ಏರಿಸಿ ನೋಡಿದರೆ, ಕೊಂಬಿನ ಹುಳುಗಳು! ಎಳ್ಳಿಗಿಂತ ಒಂದಿಷ್ಟು ದೊಡ್ಡವು, ಕಂದು ಬಣ್ಣ. ಬೆನ್ನ ಮೇಲಿನ ಚಿಪ್ಪು ಎರಡೂ ಕಡೆಗೆ ಗೂಳಿಯ ಕೊಂಬಿನ ಹಾಗೆ ಚಾಚಿದೆ. ಜಾಲಿಯ ಮುಳ್ಳು ಯಾವುದು, ಹುಳು ಯಾವುದು ಒಮ್ಮೆಗೆ ಗೊತ್ತಾಗುವುದಿಲ್ಲ. ಕಡ್ಡಿಯ ರಸ ಹೀರಿ ಹೆಚ್ಚಾದ ಸಿಹಿಯನ್ನು ಹನಿಯಾಗಿ ಬಿಡುತ್ತವೆ, ಇರುವೆಗಳು ಅದನ್ನು ನೆಕ್ಕಿ ಕಾವಲು ಕಾಯುತ್ತವೆ.

ಎಂ.ಎಸ್ಸಿ. ಓದುವಾಗ ಒಂದು ವರ್ಷವಿಡೀ ಇವುಗಳ ಹಿಂದೆ ಬಿದ್ದಿದ್ದೆ. ಆಮೇಲೆ ಇಂಟರ್‌ಮೀಡಿಯೆಟ್ ಮಕ್ಕಳಿಗೆ ಜಿರಲೆ, ಕಪ್ಪೆ, ಪರೀಕ್ಷೆ ಎಂದು ಪೂರ್ತಿ ಮರೆತೆ. ಅವು ಮರೆತಿಲ್ಲವೋ ಏನೋ, ಮನೆ ಹುಡುಕಿಕೊಂಡು ಬಂದಿವೆ. ಸಂಜೆಯವರೆಗೂ ಅಲ್ಲೇ ನಿಂತೆ. ಕಾಲು ನೋವು.

೨೭ ಆಗಸ್ಟ್, ಮಂಗಳವಾರ

"ಅ" ಬರಲಿಲ್ಲ, ಕೆಮ್ಮು ಬಂತು.

ಪಾಠಕ್ಕೆ ನಾನು ಬೇಡ, ಉತ್ತರ ಪತ್ರಿಕೆ ತಿದ್ದಲು ಬೇಕು. ಕಟ್ಟು ಮನೆಗೆ ಕಳಿಸಿದ್ದಾರೆ. ಹತ್ತಿಯ ಜಿಗಿಹುಳುವಿನ ಬಗ್ಗೆ ಬರೆಯಿರಿ ಎಂಬ ಪ್ರಶ್ನೆಗೆ ಸುಜಾತಾ ಎಂಬ ಹುಡುಗಿ ಬರೆದಿದ್ದಾಳೆ: ಅದು ಹಸಿರು ಸೊಳ್ಳೆ, ರೈತನ ರಕ್ತ ಹೀರುತ್ತದೆ. ತಪ್ಪು ಅವಳದಲ್ಲ. ಇಲ್ಲಿ ತೆಲುಗಿನಲ್ಲಿ ಎಲ್ಲರೂ ಅದನ್ನು ಪಚ್ಚದೋಮ ಅನ್ನುತ್ತಾರೆ. ಪಚ್ಚ ಅಂದರೆ ಹಸಿರು, ದೋಮ ಅಂದರೆ ಸೊಳ್ಳೆ. ಹೆಸರು ನಂಬಿ ಬರೆದಳು. ರೈತನ ರಕ್ತ ಎಂಬುದಕ್ಕೆ ಅರ್ಧ ಅಂಕ ಕೊಡಬೇಕೆನಿಸಿತು, ಹತ್ತಿ ಎಲೆ ಅಂಚು ಸುಟ್ಟು ಮುದುಡಿದ ಹೊಲ ನೋಡಿದವರು ಅಲ್ಲವೆನ್ನಲಾರರು. ಆದರೆ ಅದು ಸೊಳ್ಳೆಯಲ್ಲ! ನಾನು ಕ್ಲಾಸಿನಲ್ಲಿದ್ದಿದ್ದರೆ ಈ ಉತ್ತರ ಬರುತ್ತಿರಲಿಲ್ಲ. ಇದೇ ಹೊಟ್ಟೆ ಉರಿಸುವುದು.

ಜಿಗಿಹುಳು ಏನೆಂದು ಹೇಳುತ್ತಿದ್ದೆ? ಅಡ್ಡಡ್ಡ ಓಡುತ್ತದೆ ಎನ್ನುತ್ತಿದ್ದೆ. ಅದಕ್ಕೆ ನೂಲಿನಂಥ ರೋಮವಿರುವ ಎಲೆ ಆಗದು, ಅದಕ್ಕೇ ರೋಮದೆಲೆಯ ಹತ್ತಿಯನ್ನು ಆರಿಸಿ ಬೆಳೆಸಿದರು ಎನ್ನುತ್ತಿದ್ದೆ. ತನ್ನ ಒಳಗೇ ಪುಡಿ ತಯಾರಿಸಿ, ಕಾಲಿನಿಂದ ಮೈಗೆಲ್ಲ ಬಳಿದುಕೊಳ್ಳುತ್ತದೆ, ನೀರೂ ಅಂಟೂ ಮೈಗೆ ತಾಗದ ಹಾಗೆ. ತನ್ನ ವಿಭೂತಿ ತಾನೇ ಮಾಡಿಕೊಳ್ಳುವ ಜೀವ, ಯಾವ ಮಠದ ಮುಂದೂ ನಿಲ್ಲಬೇಕಿಲ್ಲ. ಹಿತ್ತಲಿನ ಕೊಂಬಿನ ಹುಳು ಇದೇ ವಂಶದ ಒಳಗಿನಿಂದ ಕವಲೊಡೆದದ್ದು. ಉಳಿದ ಬಳಗ ಬೋಳು ಬೆನ್ನಿನಲ್ಲಿ ಸುಖವಾಗಿದ್ದಾಗ ಒಂದು ಕವಲಿಗೆ ಕೊಂಬು ಮೂಡಿತು. ಅದಕ್ಕೆ ಹೊಸ ಸಾಮಾನೇನೂ ತರಲಿಲ್ಲ, ರೆಕ್ಕೆ ಕಟ್ಟಲು ಇದ್ದ ಹಳೆಯ ಜೀನುಗಳನ್ನೇ ಬೆನ್ನಿನ ಚಿಪ್ಪಿಗೂ ದುಡಿಸಿಕೊಂಡಿತು ಅನ್ನುತ್ತಾರೆ. ಪ್ರತಿ ಮನೆಯಲ್ಲೂ ಇಂಥವಳು ಒಬ್ಬಳು ಹುಟ್ಟುತ್ತಾಳೆ. ನಮ್ಮ ಮನೆಯಲ್ಲಿ ನಾನು.

ಇನ್ನೊಂದು ಮಾತು. ಇವಕ್ಕೆ ಗಾಳಿಯಲ್ಲಿ ಕೇಳುವ ಧ್ವನಿಯೇ ಇಲ್ಲ. ಹೊಟ್ಟೆ ಅದುರಿಸಿ ಕಡ್ಡಿಯೊಳಗೆ ಮಾತಾಡುತ್ತವೆ, ಕಾಲಿನಿಂದ ಕೇಳುತ್ತವೆ. ಗಾಳಿಯಲ್ಲಿ ಅರಚುವ ಜೀರುಂಡೆ ಇವರ ದೂರದ ದಾಯಾದಿ. ಆ ವಂಶದಲ್ಲಿ ಕಡ್ಡಿಯೊಳಗಿನ ಪಿಸುಮಾತೇ ಹಳೆಯದು, ಅರಚಾಟ ಆಮೇಲೆ ಬಂದದ್ದು.

೨ ಸೆಪ್ಟೆಂಬರ್, ಸೋಮವಾರ

"ಅ" ಇಲ್ಲ.

ಗಣಪತಿ ಪೆಂಡಾಲಿಗೆ ಮೈಕ್‌ಸೆಟ್ ಹಾಕಲು ಸೂರಿ ಬಂದಿದ್ದಾನೆ. ನನ್ನ ಓರಗೆಯವನು, ಬೀದಿಯ ಮದುವೆ ಮುಂಜಿ ಸಾವು ಎಲ್ಲಕ್ಕೂ ಅವನದೇ ಸದ್ದು. ಭಜನೆಯಲ್ಲಿ ತಬಲಾದ ಮೈಗೆ ಬಿಲ್ಲೆಯಂಥದ್ದೊಂದು ಮೈಕು ಅಂಟಿಸುತ್ತಾನಲ್ಲ, ಅದು ಬೇಕೆಂದು ಬರೆದು ತೋರಿಸಿದೆ.

"ಏನಕ್ಕ, ತಬಲಾ ಕಲೀತೀಯೇನು?" ಎಂದು ಕಿವಿ ಕಿತ್ತುಹೋಗುವಂತೆ ಕೂಗಿದ.

"ಹುಳುವಿನ ಮಾತು ಕೇಳಬೇಕು."

ಓದಿ, ನನ್ನ ಮುಖ ನೋಡಿ, ಕೈ ಮುಗಿದ. ವ್ರತದ ಮಹಿಮೆ ಇವನಿಗೂ ತಗುಲಿದೆ. ಹಾಳಾಗಲಿ, ಬಿಲ್ಲೆ ಸಿಕ್ಕಿತು.

೪ ಸೆಪ್ಟೆಂಬರ್, ಬುಧವಾರ

ಕೇಳಿಸಿತು!

ಬಿಲ್ಲೆಯನ್ನು ಬಟ್ಟೆ ಕ್ಲಿಪ್ಪಿನಿಂದ ಜಾಲಿಯ ಕಡ್ಡಿಗೆ ಕಚ್ಚಿಸಿ, ಸೂರಿಯ ಸಣ್ಣ ಆಂಪ್ಲಿಫೈಯರ್ ಡಬ್ಬಿಗೆ ತಂತಿ ಕೊಟ್ಟು, ಹೆಡ್‌ಫೋನ್ ಹಾಕಿಕೊಂಡು ಕೂತೆ. ಮೊದಲು ಬರೀ ಟಪ ಟಪ. ಅದು ಇರುವೆಗಳ ಕಾಲು. ಇರುವೆ ನಡೆದರೆ ದಂಡು ಹೋದ ಹಾಗೆ ಕೇಳುತ್ತದೆ. ಬಿಸಿಲು ಕುತ್ತಿಗೆ ಸುಟ್ಟಿತು, ಎದ್ದು ಹೋಗೋಣ ಎಂದುಕೊಂಡೆ. ಆಗ ಬಂತು. ಊಂ... ಊಂ... ಎಂದು ದೂರದ ಕೊಟ್ಟಿಗೆಯಲ್ಲಿ ಗೂಳಿ ಗುಟುರು ಹಾಕಿದಂತೆ. ಉಗುರಿನಷ್ಟೂ ಇಲ್ಲದ ಹುಳುವಿಗೆ ಗೂಳಿಯ ಗಂಟಲು! ನಿಲ್ಲಿಸಿತು. ಕಡ್ಡಿಯ ಇನ್ನೊಂದು ತುದಿಯಿಂದ ಸಣ್ಣದಾಗಿ ಗುರ್ ಎಂಬ ಉತ್ತರ. ಗಂಡು ಕೇಳಿತು, ಹೆಣ್ಣು ಹೇಳಿತು. ಮತ್ತೆ ಊಂ. ಈ ಸಲ ಇನ್ನೊಂದು ಗಂಡು ನಡುವೆ ಬಾಯಿ ಹಾಕಿ ಚರಚರ ಎಂದು ಕೆಡಿಸಿತು, ಉತ್ತರ ಮುಚ್ಚಿಹೋಗಲಿ ಎಂದು. ಎಲ್ಲ ಕಡೆಯೂ ಇಂಥವರಿದ್ದಾರೆ.

ಹೆಡ್‌ಫೋನ್ ತೆಗೆದೆ. ಏನೂ ಇಲ್ಲ. ಬಿಸಿಲು, ಜಾಲಿ, ನಿಶ್ಶಬ್ದ. ಹಾಕಿಕೊಂಡೆ. ಸಂತೆ! ಅಳು ಬಂತು, ಯಾಕೆ ಮುಚ್ಚಿಡಲಿ. ಇಷ್ಟು ದಿನ ಮಂದಿ ಈ ಗಿಡವನ್ನು ಮೂಕ ಎಂದುಕೊಂಡಿದ್ದರು. ಮೂಕ ಗಿಡವಲ್ಲ, ಕಿವುಡು ಮಂದಿಯದು.

೮ ಸೆಪ್ಟೆಂಬರ್, ಭಾನುವಾರ

ಗಣಪತಿಯ ಧ್ವನಿವರ್ಧಕ ಬೆಳಗಿನಿಂದ. ಅಡುಗೆಮನೆಯಲ್ಲಿದ್ದ ಅವ್ವನಿಗೆ ನನ್ನ ಪಿಸುಮಾತು ಎಲ್ಲಿಂದ ಕೇಳಬೇಕು? ಲೋಟದಿಂದ ಗೋಡೆಗೆ ಎರಡು ಸಲ ಬಡಿದೆ. ಒಳಗಿನಿಂದ ಅವಳೂ ಎರಡು ಸಲ ಬಡಿದು ಚಹಾ ತಂದಳು. ಸಂಜೆ ಅವಳೇ ಮೊದಲು ಬಡಿದಳು, ಮೂರು ಸಲ. ಹೋಗಿ ನೋಡಿದರೆ ಗ್ಯಾಸ್ ಸಿಲಿಂಡರ್ ಬದಲಿಸಬೇಕಿತ್ತು.

ಸದ್ದಿನಲ್ಲಿ ಹುಳುಗಳ ಮಾತು ಹಿಡಿಯಲಾಗಲಿಲ್ಲ. ಸೂರಿಯ ಮೇಲೆ ಸಿಟ್ಟು.

೧೬ ಸೆಪ್ಟೆಂಬರ್, ಸೋಮವಾರ

ಡಾಕ್ಟರ ಚೀಟಿ ತೆಗೆದುಕೊಂಡು ಮತ್ತೆ ಕಾಲೇಜಿಗೆ ಹೋದೆ. ನರಕ್ಕೆ ಪೆಟ್ಟು, ಧ್ವನಿ ಮರಳುವುದು ಖಚಿತವಿಲ್ಲ ಎಂದು ಅದರಲ್ಲಿದೆ. ಚಂದ್ರಣ್ಣನವರು ಎರಡು ಸಲ ಓದಿದರು. ಈ ಸಲ ಕೈ ಮುಗಿಯಲಿಲ್ಲ.

"ಅಯ್ಯೋ ಪಾಪಂ" ಎಂದರು. ಅವ್ವ ಹೇಳಿದ್ದು ಅಕ್ಷರಶಃ ನಿಜವಾಯಿತು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮೇಡಂ, ಈ ಚೀಟಿ ನಮ್ಮಿಬ್ಬರ ನಡುವ ಇರ್ಲಿ. ಮಂದಿಗಿ ಹರಕಿ ಅಂತನೇ ಗೊತ್ತಿರ್ಲಿ. ದಸರಾ ರಜಾಕ್ಕ ಮುಂಚೆ ಸರಸ್ವತಿ ಪೂಜಾ ಐತಿ. ಮೌನ ಮೇಡಂ ಕೈಯಿಂದ ಪೆನ್ನು ಕೊಡ್ತೀವಿ ಅಂದ್ರ ಪೇರೆಂಟ್ಸ್ ಸಾಲು ಹಚ್ಚತಾರ. ವರ್ಸಾ ಪೂಜಾ ಮಾಡ್ರಿ, ಲೈಬ್ರರಿಯಾಗ ಕುಂದುರ್ರಿ. ಸಂಬಳ ನಡೀತದ. ಪಾಠ ಯಾಕ್ರಿ ನಿಮಗ?"

ಪಾಠ ಯಾಕೆ! ಪೆನ್ಸಿಲ್ ಮುರಿಯುವಷ್ಟು ಒತ್ತಿ ಬರೆದೆ: ನನ್ನನ್ನು ಗೂಡಿನಲ್ಲಿಟ್ಟು ಹೂವೇರಿಸಬೇಡಿ. ಒಂದು ಕ್ಲಾಸ್ ಕೊಡಿ. ಬಂದು ನೋಡಿ.

ವ್ಯಾಪಾರಿಯಲ್ಲವೇ, ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಸರೇ. ಮೂವತ್ತನೇ ತಾರೀಖು ಒಂದು ಪೀರಿಯಡ್. ನಾನೇ ಬಂದು ಕೇಳ್ತೀನಿ. ಹುಡುಗರಿಗಿ ತಿಳೀತಂದ್ರ ಪಾಠ ನಿಮ್ದು. ಇಲ್ಲಾಂದ್ರ ಪೂಜಾ ನಿಮ್ದು. ಆಮ್ಯಾಲ ತಕರಾರು ಮಾಡಂಗಿಲ್ಲ."

ಒಪ್ಪಿದೆ. ಹೊರಗೆ ಬಂದ ಮೇಲೆ ಕಾಲು ನಡುಗಿತು. ನಡುಗಲಿ, ಹುಳು ಮಾತಾಡುವುದೇ ನಡುಗಿ.

೨೧ ಸೆಪ್ಟೆಂಬರ್, ಶನಿವಾರ

ಅವ್ವ ಹಿತ್ತಲಿಗೆ ಬಂದು ಕೊನೆಗೂ ಕನ್ನಡಕ ಹಾಕಿಕೊಂಡು ಜಾಲಿ ನೋಡಿದಳು. ಒಂದು ತಾಯಿಹುಳು ತೊಗಟೆಯೊಳಗಿಟ್ಟ ತತ್ತಿಗಳ ಮೇಲೆ ಕೂತಿತ್ತು. ಪೊರಕೆ ಕಡ್ಡಿಯಿಂದ ಮೆಲ್ಲಗೆ ತಿವಿದು ತೋರಿಸಿದೆ. ಮಿಕ್ಕವು ಟಣ್ಣನೆ ಹಾರಿಹೋದವು, ಇದು ಕದಲಲಿಲ್ಲ. ಕೊಂಬನ್ನು ಕಡ್ಡಿಯ ಕಡೆ ತಿರುಗಿಸಿ ಹಿಂಗಾಲು ಝಾಡಿಸಿತು.

"ಓಡಂಗಿಲ್ಲ ನೋಡು, ಗಟ್ಟಿ ಹೆಂಗಸು" ಎಂದಳು ಅವ್ವ. ಕನ್ನಡಕ ತೆಗೆದು, "ನಾನೂ ಹಂಗ ನಿನ್ನ ಮ್ಯಾಲ ಕುಂತಿದ್ದೆ ಅಂತ ತಿಳಕ. ಮಂದಿ ಬಾಯಿ ತಿವೀಬಾರ್ದು ಅಂತ ಹರಕಿ ಅಂದೆ" ಎಂದಳು.

ಸ್ಲೇಟಿನ ಮೇಲೆ ಬರೆದೆ: ಮರಿಗೆ ಕೊಂಬಿರುವುದಿಲ್ಲ, ಅದಕ್ಕೇ ತಾಯಿ ಕೂರುತ್ತಾಳೆ. ನನಗೆ ಮೂಡಿ ಎಷ್ಟೋ ವರ್ಷವಾಯಿತು.

"ಅದು ನನಗ್ಗೊತ್ತಿಲ್ಲೇನು?" ಎಂದು ನಕ್ಕಳು. ಮದುವೆ ಬೇಡವೆಂದು ನಾನು ಹಠ ಹಿಡಿದ ವರ್ಷಗಳು ಇಬ್ಬರಿಗೂ ನೆನಪಾದವು.

ಮನೆ ಗುಡಿಸಿದೆ. ಕನ್ನಡಿಯ ಮೇಲೆ ಎಷ್ಟು ಧೂಳು ಕೂತಿದೆ! ಇಷ್ಟು ದಿನ ಗಮನಿಸಿಯೇ ಇರಲಿಲ್ಲ.

೩೦ ಸೆಪ್ಟೆಂಬರ್, ಸೋಮವಾರ

ಒಂದೊಂದಾಗಿ ಬರೆಯುತ್ತೇನೆ.

ಹುಳುಗಳಿದ್ದ ಜಾಲಿ ಕಡ್ಡಿಯನ್ನು ನೀರಿನ ಬಾಟಲಿಯಲ್ಲಿಟ್ಟು ಒಯ್ದೆ. ಸೂರಿ ದೊಡ್ಡ ಸ್ಪೀಕರ್ ತಂದ. ಕ್ಲಾಸ್ ತುಂಬಿತ್ತು. ಚಂದ್ರಣ್ಣನವರು ಬಾಗಿಲ ಹತ್ತಿರ ಕೈಕಟ್ಟಿ ನಿಂತರು, ಕುರ್ಚಿ ಕೊಟ್ಟರೂ ಕೂರಲಿಲ್ಲ. ಬೋರ್ಡಿನ ಮೇಲೆ ಜಿಗಿಹುಳು, ಕೊಂಬಿನ ಹುಳು, ಜೀರುಂಡೆ ಮೂರನ್ನೂ ಒಂದೇ ವಂಶವೃಕ್ಷದ ಕವಲುಗಳಲ್ಲಿ ಬರೆದೆ. ಸೂರಿಗೆ ಸನ್ನೆ ಮಾಡಿದೆ. ಸ್ಪೀಕರ್‌ನಿಂದ ಒಂದು ಊಂ ಬಂತು. ಮಕ್ಕಳು ಹೋ ಎಂದರು.

ಕರೆಂಟ್ ಹೋಯಿತು.

ಕಾದೆವು. ಬರಲಿಲ್ಲ. ಸೂರಿ ತಂತಿ ಜಗ್ಗಾಡಿ ಬೆವರಿದ. ಚಂದ್ರಣ್ಣನವರು ಗಡಿಯಾರ ನೋಡಿಕೊಂಡರು. ಹಿಂದಿನ ಬೆಂಚಿನಲ್ಲಿ ನಗು ಶುರುವಾಯಿತು. ನಾಳೆ ಹೂವಿನ ಹಾರ ಹಾಕಿಕೊಂಡು ಪೆನ್ನು ಹಂಚುವ ನನ್ನನ್ನು ನಾನೇ ಕಂಡೆ. ಸಿಟ್ಟು ನೆತ್ತಿಗೇರಿತು. ಹುಳುವಿಗೆ ಯಾವ ಕರೆಂಟ್ ಇದೆ?

ಮೊದಲ ಬೆಂಚಿನ ಹುಡುಗಿಯರಿಗೆ ಕಿವಿ ಹಲಗೆಗೆ ಒತ್ತಿ ಎಂದು ತೋರಿಸಿದೆ. ಬೆಂಚಿನ ಈ ತುದಿಯಲ್ಲಿ ಉಗುರಿನಿಂದ ಮೆಲ್ಲಗೆ ಗೀರಿದೆ. ಆ ತುದಿಯಲ್ಲಿದ್ದ ಸುಜಾತಾ ತಲೆ ಎತ್ತಿದಳು, ಕಣ್ಣು ಇಷ್ಟಗಲ. "ಮೇಡಂ, ವಿನಬಡುತೋಂದಿ! ಕೇಳಸ್ತದ!"

ಪಕ್ಕದ ಬೆಂಚಿನವರು, "ನಮಗೇನೂ ಇಲ್ಲ" ಎಂದರು. ಬೋರ್ಡಿಗೆ ಹೋಗಿ ಬರೆದೆ: ಒಂದು ಬೆಂಚು ಅಂದರೆ ಒಂದು ಗಿಡ. ಬೆಂಚಿನಿಂದ ಬೆಂಚಿಗೆ ಹೋದೆ, ಗೀರಿದೆ, ಬಡಿದೆ. ಆ ತುದಿ ಕೇಳಿತು, ಈ ತುದಿ ಉತ್ತರಿಸಿತು. ಹಿಂದಿನ ಬೆಂಚಿನ ಹುಡುಗರು ಗಲಾಟೆ ಮಾಡಲೆಂದೇ ಮುಷ್ಟಿಯಿಂದ ಗುದ್ದಿದರು. ಅವರ ಕಡೆ ಸೀಮೆಸುಣ್ಣ ತೋರಿಸಿ ಬರೆದೆ: ಪೈಪೋಟಿ ಗಂಡು! ಹೆಣ್ಣಿನ ಉತ್ತರ ಕೆಡಿಸುವುದೇ ಇವನ ಕೆಲಸ. ಇಡೀ ಕ್ಲಾಸ್ ನಕ್ಕಿತು, ಗುದ್ದಿದವರು ಎಲ್ಲರಿಗಿಂತ ಜೋರಾಗಿ. ಆಮೇಲೆ ಎಲ್ಲರೂ ಕಿವಿಯೊತ್ತಿ ಕೂತಾಗ ಆದ ನಿಶ್ಶಬ್ದ, ನಾನು ಗಂಟಲು ಹರಿದುಕೊಂಡು ಕಲಿಸಿದ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಆಗಿರಲಿಲ್ಲ.

"ನನಗೇನೂ ಕೇಳಸಲೇ ಇಲ್ಲ" ಎಂದರು ಬಾಗಿಲಿನಿಂದ ಚಂದ್ರಣ್ಣನವರು.

ಸುಜಾತಾ ಎದ್ದಳು. "ಸಾರ್, ನಿಂತ್ರ ಕೇಳಂಗಿಲ್ರಿ. ಬಗ್ಗಬೇಕ್ರಿ."

ಅವರು ಬಂದು, ಪಂಚೆ ಸರಿಮಾಡಿಕೊಂಡು, ಮೊದಲ ಬೆಂಚಿನ ಮುಂದೆ ಬಗ್ಗಿ ಕಿವಿ ಇಟ್ಟರು. ನಾನು ಗೀರಿದೆ. ಅವರು ಬಗ್ಗಿದ್ದಲ್ಲಿಂದಲೇ ಸುಜಾತಾಳನ್ನು ಕೇಳಿದರು, "ಪಚ್ಚದೋಮನೂ ಹಿಂಗ ಮಾತಾಡ್ತದೇನು?"

"ಹೌದ್ರಿ. ಆದ್ರ ಅದು ದೋಮ ಅಲ್ರಿ ಸಾರ್. ಜೀರುಂಡೆ ಬಳಗ."

"ಹುಟ್ಟಿದಾಗಿಂದ ದೋಮ ಅಂತೀನಿ ನಾನು" ಎಂದು ಎದ್ದರು. ಕಿವಿಗೆ ಹತ್ತಿದ ಸೀಮೆಸುಣ್ಣದ ಧೂಳು ಒರೆಸಿಕೊಳ್ಳಲಿಲ್ಲ. "ಸರೇ ಮೇಡಂ. ರಜಾ ಮುಗದ ಮ್ಯಾಲ ಫಸ್ಟ್ ಪೀರಿಯಡ್ ನಿಮ್ದೇ. ಪೆನ್ನು ನಾನೇ ಹಂಚ್ತೀನಿ."

೧ ಅಕ್ಟೋಬರ್, ಮಂಗಳವಾರ

ಬೆಳಿಗ್ಗೆ ಹುಳುಗಳನ್ನು ಜಾಲಿಗೆ ವಾಪಸು ಬಿಟ್ಟೆ. ಪಾಠದ ಚಿತ್ರಗಳನ್ನು ಬರೆಯುತ್ತ ಕೂತಿದ್ದಾಗ ಕೊಟ್ರಮ್ಮ ಬಂದ ಸದ್ದಾಯಿತು. ಮಗಳಿಗೆ ಗಂಡು ಗೊತ್ತಾಗಿದೆಯಂತೆ, ದೊಡ್ಡ ಕಾಯಿ ತಂದಿದ್ದಾಳೆ. "ಎಲ್ಲಾ ಅಕ್ಕನ ಹರಕಿ ಮಹಿಮೆ" ಎನ್ನುತ್ತಿದ್ದಳು.

ಜಗಲಿಯಲ್ಲಿದ್ದ ಅವ್ವ ಬೀದಿಗೆಲ್ಲ ಕೇಳುವಂತೆ ಹೇಳಿದಳು, "ಹರಕಿಲ್ಲ ಏನಿಲ್ಲವ್ವ. ಸುಳ್ಳು ಹೇಳಿದಾಕಿ ನಾನು. ಆಪರೇಷನ್‌ದಾಗ ಆಕಿ ಧ್ವನಿ ಹೋಗೇತಿ. ಪಾಠ ಹೋಗಿಲ್ಲ."

"ಹಂಗಾರ ಈ ಕಾಯಿ?" ಎಂದಳು ಕೊಟ್ರಮ್ಮ.

ನಾನು ಒಳಗಿನಿಂದ ಲೋಟ ತೆಗೆದುಕೊಂಡು ಗೋಡೆಗೆ ಎರಡು ಸಲ ಬಡಿದೆ.

"ಇಟ್ಟು ಒಳಗ ಬಾ" ಎಂದಳು ಅವ್ವ. "ಚಹಾ ಕುಡಿ ಅನ್ನಾಕತ್ಯಾಳ. ಕಾಯಿ ಚಟ್ನಿಗಿ ಬರ್ತದ."